ಆ ನಾಲ್ಕು ಸಾಲಿಗೆ ಡಿಎಪಿ ಬಿದ್ದಿರಲಿಲ್ಲ

ಕೃಷಿ ಪದವಿ ಮುಗಿಸಿದ ಮೇಲೆ ನಾನು ಮೊದಲು ಸೇರಿದ್ದು ಹಾವೇರಿ ಜಿಲ್ಲೆಯ ಒಂದು ಬೀಜ-ಗೊಬ್ಬರದ ಅಂಗಡಿಗೆ. 2019ರ ಮುಂಗಾರು. ರೈತರು ಎಲೆ, ಹುಳ, ಸಸಿ ಹಿಡಿದುಕೊಂಡು ಬರುತ್ತಾರೆ. ನೋಡಿ ಏನು ಎಂದು ಹೇಳಬೇಕು, ಬೇಕಾದರೆ ಹೊಲಕ್ಕೂ ಹೋಗಬೇಕು. ಹೇಳಿದ ಔಷಧಿ, ಗೊಬ್ಬರ ಮಾರುವವರೂ ನಾವೇ. ಇದರಲ್ಲೊಂದು ತೊಡಕಿದೆ ಅಂತ ಆಗ ನನಗೆ ಹೊಳೆದಿರಲಿಲ್ಲ.

ಆರಿದ್ರಾ ಮಳೆ ಬಿಡದೆ ಜಿಟಿಜಿಟಿ ಹಿಡಿದಿತ್ತು. ಒಂದು ಬೆಳಿಗ್ಗೆ ಅಜ್ಜಾರೊಬ್ಬರು ಪೇಪರಿನಲ್ಲಿ ಸುತ್ತಿದ್ದ ಸಸಿಯನ್ನು ಬಿಚ್ಚಿ ಕೌಂಟರ್ ಮೇಲಿಟ್ಟರು. ಇಪ್ಪತ್ತು ದಿನದ ಗೋವಿನಜೋಳ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಹಾಗೇ ಅನ್ನುವುದು. ಕೆಳಗಿನ ಎಲೆಗಳ ತುದಿ ಮತ್ತು ಅಂಚು ನೇರಳೆ ತಿರುಗಿತ್ತು. ಕಾಂಡದ ಬುಡವೂ ಕೆಂಪಾಗಿತ್ತು.

"ಏನಾಗೇತಿ ತಮ್ಮಾ ಇದಕ್ಕ?"

ನನಗೆ ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದಷ್ಟು ಖುಷಿ. ನೇರಳೆ ಎಲೆ ಅಂದರೆ ರಂಜಕದ, ಅಂದರೆ ಫಾಸ್ಫರಸ್‌ನ ಕೊರತೆ. "ರಂಜಕ ಕಮ್ಮಿ ಬಿದ್ದೈತ್ರೀ ಅಜ್ಜಾರ, ಡಿಎಪಿ ಹಾಕ್ರಿ" ಅಂದೆ. ಡಿಎಪಿ ಅಂದರೆ ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ. ಎರಡು ಎಕರೆಗೆ ಎರಡು ಚೀಲ ಕೊಟ್ಟೆ. ಅವರು ಸಾಲಿನ ನಡುವೆ ಕೈಯಿಂದ ಉಗ್ಗಿ, ಮಳೆ ಬಿಟ್ಟ ಮೇಲೆ ಎಡೆ ಹೊಡೆಸಿ ಸಾಲಿನ ನಡುವಿನ ಮಣ್ಣು ಸಡಿಲಿಸಿದರು.

ಹನ್ನೆರಡು ದಿನದ ಮೇಲೆ ಬಂದು, ಪೈರು ಹಸಿರಾಯಿತು ಅಂದರು. ಚಹಾ ಕುಡಿಸಿದರು. ಆ ವಾರ ಕೆಂಪು ಸಸಿ ತಂದ ಪ್ರತಿಯೊಬ್ಬರಿಗೂ ನಾನು ಅವರ ಹೊಲದ ಕಥೆಯನ್ನೇ ಹೇಳಿ ಡಿಎಪಿ ಕೊಟ್ಟೆ. ಎಷ್ಟು ಚೀಲ ಅಂತ ಲೆಕ್ಕ ಇಟ್ಟಿಲ್ಲ. ಮಾಲೀಕರಂತೂ ನನ್ನ ಬೆನ್ನು ತಟ್ಟಿದ್ದರು.

ಅದಾಗಿ ಕೆಲವು ದಿನಕ್ಕೆ ಸುಳಿಯಲ್ಲಿ ಹುಳ ಬಿದ್ದಿದೆ ಎಂದು ಅದೇ ಅಜ್ಜಾರು ಹೊಲಕ್ಕೆ ಕರೆದರು. ಹಿಂದಿನ ವರ್ಷವಷ್ಟೇ ನಮ್ಮ ರಾಜ್ಯಕ್ಕೆ ಕಾಲಿಟ್ಟಿದ್ದ ಫಾಲ್ ಆರ್ಮಿವರ್ಮ್ ಅದು. ಹುಳ ನೋಡುತ್ತಾ ಬದುವಿನ ತನಕ ಹೋದೆವು. ಅಲ್ಲಿ ನಿಂತು ಅವರು ಸುಮ್ನೆ ಮಾತಿಗೆ ಅಂದ ಹಾಗೆ ಅಂದರು: "ಈ ನಾಕ ಸಾಲಿಗೆ ಗೊಬ್ಬರ ಸಾಲಲಿಲ್ಲ ನೋಡು. ಹಂಗ ಬಿಟ್ಟೆ."

ನಾನು ಆ ನಾಲ್ಕು ಸಾಲು ನೋಡಿದೆ. ಪಕ್ಕದ ಸಾಲು ನೋಡಿದೆ. ಅದೇ ಹಸಿರು, ಅದೇ ಎತ್ತರ. ಎಲ್ಲೂ ಕೆಂಪಿನ ಸುಳಿವಿಲ್ಲ. ಅವರೂ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮತ್ತ ಇವಕ್ಕ ಯಾರ ಹಾಕಿದ್ರು?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಳದ ಔಷಧಿಯ ಹೆಸರು ಹೇಳಿ ಬೈಕ್ ಹತ್ತಿದೆ.

ಆಮೇಲೆ ತಲೆ ಕೆಡಿಸಿಕೊಂಡು ಕೂತಾಗ ಅರ್ಥವಾಗಿದ್ದು ಇಷ್ಟು. ಎಲೆ ನೇರಳೆ ಆಗುವುದು ಗಿಡ ಮಾಡಿದ ಸಕ್ಕರೆ ಖರ್ಚಾಗದೆ ಎಲೆಯಲ್ಲೇ ಉಳಿದಾಗ. ರಂಜಕ ಸಾಲದಿದ್ದರೆ ಹೀಗಾಗುತ್ತದೆ ನಿಜ. ಆದರೆ ಬೇರು ನಿಂತು ಹೋದರೂ ಹೀಗೇ ಆಗುತ್ತದೆ. ವಾರಗಟ್ಟಲೆ ಮಳೆ, ತಣ್ಣಗಿನ ಒದ್ದೆ ಮಣ್ಣು, ಬಿಸಿಲಿಲ್ಲ. ಬೇರು ಬೆಳೆಯುವುದನ್ನೇ ಮರೆತಿತ್ತು. ಕೆಲವು ಹೈಬ್ರಿಡ್ ತಳಿಗಳ ಸಸಿ ಹುಟ್ಟಾ ಸ್ವಲ್ಪ ಕೆಂಪೇ ಇರುತ್ತದೆ, ಅದು ಬೇರೆ. ಮಳೆ ಬಿಟ್ಟಿತು, ಎಡೆ ಹೊಡೆದಾಗ ಮಣ್ಣಿಗೆ ಗಾಳಿ ಆಡಿತು, ಬೇರು ಓಡಿತು, ಎಲೆ ಹಸಿರಾಯಿತು. ನಾನು ಕೊಟ್ಟ ಎರಡು ಚೀಲ ಮೇಲಿನ ಮಣ್ಣಲ್ಲೇ ಕೂತಿತ್ತು.

ರಂಜಕದ ಸ್ವಭಾವವೇ ಹಾಗೆ. ಯೂರಿಯಾ ನೀರಿನ ಜೊತೆ ಓಡಾಡುತ್ತದೆ, ಮೇಲೆ ಉಗ್ಗಿದರೂ ಮಳೆ ಬಂದರೆ ಕೆಳಗೆ ಇಳಿಯುತ್ತದೆ. ರಂಜಕ ಬಿದ್ದಲ್ಲಿಂದ ಕೆಲವೇ ಮಿಲಿಮೀಟರ್ ಕದಲುವುದೂ ಕಷ್ಟ. ಅದು ಬೇರಿನ ಹತ್ತಿರ ಬರುವುದಿಲ್ಲ, ಬೇರೇ ಅದರ ಹತ್ತಿರ ಹೋಗಬೇಕು. ಹೋಗುವಷ್ಟರಲ್ಲಿ ಮಣ್ಣು ಅದನ್ನು ಹಿಡಿದುಕೊಂಡಿರುತ್ತದೆ. ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹಿಡಿಯುತ್ತವೆ. ಎರಿ ಹೊಲದ ಕಪ್ಪು ಮಣ್ಣಲ್ಲಿ ಸುಣ್ಣ ಹಿಡಿಯುತ್ತದೆ. ಹಾಕಿದ ವರ್ಷ ಬೆಳೆಗೆ ಸಿಗುವುದು ಸಾಮಾನ್ಯವಾಗಿ ನೂರಕ್ಕೆ ಹದಿನೈದು, ಇಪ್ಪತ್ತು ಭಾಗ. ಇದೆಲ್ಲ ನಾನು ಓದಿದ್ದೇ. ಆದರೂ ಇಪ್ಪತ್ತು ದಿನದ ಪೈರಿಗೆ ಮೇಲಿಂದ ಡಿಎಪಿ ಉಗ್ಗಿ ಅಂದಿದ್ದೆ.

ತಪ್ಪು ಗೊತ್ತಾದ ಮೇಲೆ ಅಜ್ಜಾರನ್ನು ಮಣ್ಣು ಪರೀಕ್ಷೆಗೆ ಒಪ್ಪಿಸಿದೆ. ಅವರ ಮನೆಯಲ್ಲಿ 2015ರಲ್ಲಿ ಶುರುವಾದ ಯೋಜನೆಯ ಮಣ್ಣು ಆರೋಗ್ಯ ಚೀಟಿ ಒಂದು ಇತ್ತು. ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದರು. ಅದರ ಮಣ್ಣು ಎಲ್ಲಿಂದ ತೆಗೆದಿದ್ದಿರಿ ಅಂದರೆ, ಹೊಲದ ಬಾಯಲ್ಲಿ ತಿಪ್ಪೆ ಇತ್ತಲ್ಲ, ಅಲ್ಲಿ ಅಗೆಯೋದು ಸುಲಭ ಇತ್ತು ಅಂದರು! ಸುಗ್ಗಿ ಮುಗಿದ ಮೇಲೆ ಹತ್ತು ಕಡೆ ಒಂದು ಗೇಣು ಆಳಕ್ಕೆ ಅಗೆದು, ಬದು, ಮರದ ನೆರಳು, ತಿಪ್ಪೆ ಬಿಟ್ಟು, ನಾವೇ ಹೊಸದಾಗಿ ಮಣ್ಣು ತೆಗೆದೆವು.

ಫಲಿತಾಂಶ ಬಂತು. ರಂಜಕ: ಹೆಚ್ಚು. ಸತು: ಕಡಿಮೆ.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. 50 ಕೆಜಿ ಡಿಎಪಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ (ಗೊಬ್ಬರದ ಲೆಕ್ಕದಲ್ಲಿ ಹೇಳುವ P2O5 ರೂಪದಲ್ಲಿ) ಇರುತ್ತದೆ. ಮಳೆಯಾಶ್ರಿತ ಗೋವಿನಜೋಳಕ್ಕೆ ಶಿಫಾರಸು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಶ್ 100:50:25 ಕೆಜಿ, ಅಂದರೆ ಎಕರೆಗೆ ರಂಜಕ 20 ಕೆಜಿ. ಒಂದು ಚೀಲವೇ ಮಿಗುತ್ತದೆ. ಒಂದು ಟನ್ ಕಾಳಿನ ಜೊತೆ ಹೊಲದಿಂದ ಹೊರಗೆ ಹೋಗುವ ರಂಜಕ ಸುಮಾರು 6ರಿಂದ 8 ಕೆಜಿ. ಎಕರೆಗೆ ಇಪ್ಪತ್ತೈದು ಕ್ವಿಂಟಾಲ್ ಬೆಳೆದರೆ 15ರಿಂದ 20 ಕೆಜಿ. ಅಜ್ಜಾರು ವರ್ಷಾ ಬಿತ್ತುವಾಗ ಒಂದು, ಎಡೆ ಹೊಡೆಯುವಾಗ ಒಂದು, ಹೀಗೆ ಎಕರೆಗೆ ಎರಡು ಚೀಲ ಹಾಕುತ್ತಿದ್ದರು. 46 ಕೆಜಿ. ಉಳಿದಿದ್ದು ಎಲ್ಲಿಗೆ ಹೋಗಬೇಕು? ಮಣ್ಣಲ್ಲೇ ಕೂತಿದೆ. ಒಂದಷ್ಟು ನಿಧಾನವಾಗಿ ಬಿಡುತ್ತದೆ, ಒಂದಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ.

ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗುವುದು ಕಷ್ಟವಾಗುತ್ತದೆ. ಆಗ ಎಳೆಯ ಎಲೆಯ ಬುಡದಲ್ಲಿ, ನಡು ನರದ ಎರಡೂ ಬದಿಗೆ ಬಿಳಿ ಪಟ್ಟೆ ಬರುತ್ತದೆ. ಅವರ ಹೊಲದಲ್ಲಿ ಅದು ಇತ್ತು. ಮಳೆ ಜಾಸ್ತಿಯಾಗಿ ಬಿಳಚಿಕೊಂಡಿದೆ ಅಂದುಕೊಂಡಿದ್ದರು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲೇ ನಮ್ಮ ಒಣ ಭೂಮಿಯ ತುಂಬ ಸತು, ಗಂಧಕ, ಬೋರಾನ್ ಕೊರತೆ ಕಂಡಿತ್ತು. ಆದರೂ ನಮ್ಮ ಅಂಗಡಿಯಲ್ಲಿ ಸತುವಿನ ಪ್ಯಾಕೆಟ್ ಮೂಲೆಯಲ್ಲಿ ಧೂಳು ಹಿಡಿದಿತ್ತು, ಡಿಎಪಿ ಬಾಗಿಲಲ್ಲಿ ಇತ್ತು.

ಡಿಎಪಿ ಮೇಲಿನ ಮೋಹಕ್ಕೆ ರೈತರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. 2008ರ ಜೂನ್‌ನಲ್ಲಿ ಗೊಬ್ಬರ ಸಿಗದೆ ರೈತರು ಬೀದಿಗೆ ಇಳಿದಾಗ ಇದೇ ಹಾವೇರಿಯಲ್ಲಿ ಗೋಲಿಬಾರ್ ಆಯಿತು, ಜೀವ ಹೋಯಿತು. ಆ ಊರಲ್ಲಿ ಬಿತ್ತನೆಗೆ ಮೊದಲೇ ನಾಲ್ಕು ಚೀಲ ತಂದು ಮನೆಯಲ್ಲಿ ಪೇರಿಸಿಟ್ಟುಕೊಳ್ಳುವುದು ದುರಾಸೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಮನೆಗೆ ಬಂದ ಚೀಲ ಹೊಲಕ್ಕೆ ಹೋಗದೆ ಇರುವುದಿಲ್ಲ, ಅಲ್ವಾ?

ಇಷ್ಟಾದ ಮೇಲೆ ನಾನು ಇನ್ನೊಂದು ಕಡೆಗೆ ವಾಲಿದೆ. ಯಾರು ಬಂದರೂ "ಡಿಎಪಿ ಬ್ಯಾಡ" ಅನ್ನತೊಡಗಿದೆ. ಅದೂ ತಪ್ಪೇ.

ಅಜ್ಜಾರ ಅಳಿಯನ ಹೊಲ ಗುಡ್ಡದ ಇಳಿಜಾರಿನಲ್ಲಿತ್ತು. ಕಲ್ಲು ಕಲ್ಲು ಮಸಾರಿ, ಮೇಲ್ಮಣ್ಣು ಕೊಚ್ಚಿ ಹೋಗಿ ಕೆಂಪು ಗರಸು ಹೊರಗೆ ಬಿದ್ದಿದೆ. ಕೊಟ್ಟಿಗೆ ಗೊಬ್ಬರ ಕಂಡು ವರ್ಷಗಳಾಗಿವೆ. ಪರೀಕ್ಷೆಯಲ್ಲಿ ರಂಜಕ ಹೆಕ್ಟೇರಿಗೆ ಸುಮಾರು 23 ಕೆಜಿಗಿಂತ ಕಡಿಮೆ ಬಂದರೆ ಆ ಮಣ್ಣು ಬಡವ ಅಂತ ಲೆಕ್ಕ. ಇದು ಅದಕ್ಕಿಂತ ಬಹಳ ಕೆಳಗಿತ್ತು. ಇಂಥ ಕಡೆ ಡಿಎಪಿ ಬೇಡ ಅಂದರೆ ಪೈರು ಮೊಳಕಾಲಿಗೆ ನಿಲ್ಲುತ್ತದೆ. ವಿಚಿತ್ರ ಅಂದರೆ ಅವರೂ ಮಾವನ ಹಾಗೆಯೇ ತಿಂಗಳ ಪೈರಿಗೆ ಮೇಲೆ ಉಗ್ಗುತ್ತಿದ್ದರು. ಹಣ ಕೈಗೆ ಬರುವುದು ಆಗಲೇ ಅನ್ನುವುದು ಒಂದು ಕಾರಣ. ಬಿತ್ತಿದ್ದು ಹುಟ್ಟುತ್ತೋ ಇಲ್ಲವೋ ನೋಡಿ ಆಮೇಲೆ ದುಡ್ಡು ಹಾಕೋಣ ಅನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಕಾರಣವೇ.

ಆದರೆ ಗೋವಿನಜೋಳ ಕಾಯುವುದಿಲ್ಲ. ಕಾಳಿನಲ್ಲಿ ಇರುವ ರಂಜಕ ಸಸಿಗೆ ಮೊದಲ ಎರಡು ವಾರದ ಬುತ್ತಿ. ಅದು ಮುಗಿಯುವಾಗ ಬೇರು ಇನ್ನೂ ಅಂಗೈ ಅಗಲ. ಆರೇಳು ಎಲೆ ಬರುವಷ್ಟರಲ್ಲಿ ಕಾಂಡದ ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ತೆನೆಯ ಮೊಳಕೆ ಶುರುವಾಗಿರುತ್ತದೆ. ಆ ಹೊತ್ತಿಗೆ ಉಪವಾಸ ಕೆಡವಿ ಆಮೇಲೆ ಹಬ್ಬದೂಟ ಹಾಕಿದರೆ ಏನು ಬಂತು?

2020ರಲ್ಲಿ ಅವರನ್ನು ಒಪ್ಪಿಸಿ ಮೂರು ಪಟ್ಟಿ ಮಾಡಿದೆವು. ಒಂದು ಪಟ್ಟಿಗೆ ಎಕರೆಗೆ ಒಂದು ಚೀಲದ ಲೆಕ್ಕದಲ್ಲಿ ಡಿಎಪಿ, ಅವರ ರೂಢಿಯಂತೆ ತಿಂಗಳಿಗೆ ಮೇಲೆ ಉಗ್ಗಿದ್ದು. ಇನ್ನೊಂದಕ್ಕೆ ಅಷ್ಟೇ ಡಿಎಪಿ, ಆದರೆ ಬಿತ್ತುವಾಗಲೇ, ಬೀಜ-ಗೊಬ್ಬರ ಒಟ್ಟಿಗೆ ಹಾಕುವ ಕೂರಿಗೆಯಲ್ಲಿ. ಮೂರನೆಯದಕ್ಕೂ ಕೂರಿಗೆಯಲ್ಲೇ, ಆದರೆ ಅರ್ಧ ಚೀಲದ ಲೆಕ್ಕ, ಸಾರಜನಕದ ಕೊರತೆಯನ್ನು ಯೂರಿಯಾದಿಂದ ತುಂಬಿ. ಬೀಜದ ಪಕ್ಕಕ್ಕೆ ಎರಡು ಇಂಚು, ಕೆಳಕ್ಕೆ ಎರಡು ಇಂಚು ಗೊಬ್ಬರ ಬೀಳುವ ಹಾಗೆ ಕೂರಿಗೆ ಹೊಂದಿಸಲು ಅರ್ಧ ದಿನ ಹೋಯಿತು. ಬೀಜಕ್ಕೆ ತಾಗಿದರೆ ಡಿಎಪಿಯಿಂದ ಬರುವ ಅಮೋನಿಯಾ ಮೊಳಕೆಯನ್ನು ಸುಡುತ್ತದೆ. ಮೊದಲ ಎರಡು ಸಾಲಿನಲ್ಲಿ ನಮಗೆ ಹಾಗೇ ಆಯಿತು, ಅಲ್ಲಲ್ಲಿ ಖಾಲಿ ಬಿತ್ತು.

ಇಪ್ಪತ್ತೈದನೇ ದಿನ ಬದುವಿನ ಮೇಲೆ ನಿಂತರೆ ಹೇಳುವುದೇ ಬೇಕಿರಲಿಲ್ಲ. ಕೂರಿಗೆಯಲ್ಲಿ ಹಾಕಿದ ಎರಡೂ ಪಟ್ಟಿ ದಟ್ಟ. ಇನ್ನೂ ಗೊಬ್ಬರ ಕಾಣದ ಪಟ್ಟಿ ಗಿಡ್ಡ, ನೇರಳೆ. ಆಮೇಲೆ ಅದಕ್ಕೆ ಪೂರ್ತಿ ಚೀಲ ಬಿದ್ದರೂ ಅದು ಮೇಲೇಳಲಿಲ್ಲ, ಸೂಲಂಗಿ ಬಂದಿದ್ದೂ ತಡ. ಅರ್ಧ ಹಾಕಿದ್ದಕ್ಕೂ ಪೂರ್ತಿ ಹಾಕಿದ್ದಕ್ಕೂ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ರಾಶಿ ಮಾಡುವಾಗ ಮೂರೂ ಪಟ್ಟಿಯ ತೆನೆ ಕಲೆಸಿಬಿಟ್ಟರು, ಹಾಗಾಗಿ ತೂಕ ಕೇಳಬೇಡಿ. ಒಂದು ಹೊಲ, ಒಂದು ವರ್ಷದ ಮಾತು ಇದು. ಆದರೆ ಒಂದು ಗಿಡ ಹುಷಾರಾಗಿ ಅಗೆದು ತೆಗೆದಾಗ ಕಂಡದ್ದು ಮರೆಯುವುದಿಲ್ಲ. ಗೊಬ್ಬರ ಬಿದ್ದ ಜಾಗದಲ್ಲಿ ಬೇರು ಗಡ್ಡದ ಹಾಗೆ ಒತ್ತೊತ್ತಾಗಿ ಬೆಳೆದಿತ್ತು. ಬೇರೆ ಕಡೆ ಒಂದೊಂದು ಎಳೆ. ಪುಸ್ತಕದಲ್ಲಿ ನೂರು ಸಲ ಓದಿದ್ದನ್ನು ಅಜ್ಜಾರ ಅಳಿಯ ಒಂದೇ ಮಾತಿನಲ್ಲಿ ಹೇಳಿದರು: "ಊಟ ಎಲ್ಲೈತೋ ಅಲ್ಲೇ ಪಂಗ್ತಿ ಕುಂತೈತಿ ನೋಡ್ರಿ ಸರ."

ಈಗ ಆ ಇಳಿಜಾರಿಗೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕುತ್ತಾರೆ. ಅದರ ಚೀಲದಲ್ಲಿ ರಂಜಕ ಬರೀ 8 ಕೆಜಿ, ಎಕರೆಗೆ ಎರಡೂವರೆ ಚೀಲ ಬೇಕು, ಹೊತ್ತು ಸಾಗಿಸುವುದೇ ರಗಳೆ. ಆದರೆ ಚೀಲಕ್ಕೆ ಐದೂವರೆ ಕೆಜಿ ಗಂಧಕ ಜೊತೆಗೇ ಬರುತ್ತದೆ, ಅಮೋನಿಯಾ ಇಲ್ಲದ್ದರಿಂದ ಮೊಳಕೆ ಸುಡುವ ಭಯ ಕಡಿಮೆ. ಸಾರಜನಕಕ್ಕೆ ಯೂರಿಯಾ ಬೇರೆ ಕೊಡಬೇಕು, ಅಷ್ಟೇ. ವರ್ಷಕ್ಕೆ ಅರ್ಧ ಎಕರೆಯಂತೆ ತಿಪ್ಪೆ ಗೊಬ್ಬರವನ್ನೂ ಶುರು ಮಾಡಿದ್ದಾರೆ. ಸತುವಿನ ಸಲ್ಫೇಟ್ ಅನ್ನು ರಂಜಕದ ಗೊಬ್ಬರದ ಜೊತೆ ಕಲೆಸಬೇಡಿ ಅಂತ ಮಾತ್ರ ಪ್ರತಿ ವರ್ಷ ಹೇಳಬೇಕು. ಎರಡೂ ಸೇರಿದರೆ ನೀರಲ್ಲಿ ಕರಗದ ಸರಕು ಆಗುತ್ತದೆ. ಮರೆತು ಕಲೆಸುತ್ತಾರೆ.

ಅಂಗಡಿಯಲ್ಲಿ ಕೆಂಪು ಸಸಿ ಬಂದರೆ ಈಗ ನಾನು ಮೊದಲು ಬೇರು ತನ್ನಿ ಅನ್ನುತ್ತೇನೆ. ಆಮೇಲೆ ಮೂರು ವರ್ಷ ಏನು ಹಾಕಿದ್ದಿರಿ, ಯಾವಾಗ, ಹೇಗೆ ಅಂತ ಕೇಳುತ್ತೇನೆ. ಬಹಳ ಸಲ "ಒಂದು ವಾರ ಬಿಸಿಲು ಬೀಳಲಿ, ಎಡೆ ಹೊಡೀರಿ, ನೋಡೋಣ" ಅಂತ ಬರಿಗೈಲಿ ಕಳಿಸುತ್ತೇನೆ. ಮಾಲೀಕರಿಗೆ ಇದು ಅಷ್ಟು ಹಿಡಿಸಿಲ್ಲ. "ನೀನು ನಮ್ಮ ಅಂಗಡ್ಯಾಗ ಅದಿಯೋ, ಎದುರಿನ ಅಂಗಡಿಯವ್ರ ಕಡೆ ಅದಿಯೋ?" ಅಂತ ಒಮ್ಮೆ ಕೇಳಿದರು. ಬರಿಗೈಲಿ ಹೋದವರು ಬೀಜಕ್ಕೆ ನಮ್ಮಲ್ಲಿಗೇ ವಾಪಸ್ ಬರುತ್ತಾರೆ ಅನ್ನುವುದನ್ನು ಕಂಡ ಮೇಲೆ ಈಗ ಸುಮ್ಮನಿದ್ದಾರೆ.

ಅಜ್ಜಾರು ಈ ಸಲವೂ ಬಂದಿದ್ದರು. ಎರಡು ಎಕರೆಗೆ ಒಂದು ಚೀಲ ಡಿಎಪಿ, ಒಂದಿಷ್ಟು ಸತು ತೆಗೆದುಕೊಂಡರು. ಬದುವಿನ ಪಕ್ಕದ ನಾಲ್ಕು ಸಾಲಿಗೆ ಏನೂ ಹಾಕದೆ ಬಿಡುತ್ತಾರಂತೆ. ಯಾಕ್ರೀ ಅಂದರೆ, "ನೀ ಹೇಳೂದು ಖರೇ ಏನ ಅಂತ ನೋಡಾಕ."