ಮುಖಪುಟದ ಮೇಲೊಂದು ‘ಅರ್ತ’

ಹನ್ನೊಂದು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವಳು. ಅಂಥವಳ ಕಣ್ಣು ತಪ್ಪಿಸಿ ಒಂದು ಪುಸ್ತಕದ ಮುಖಪುಟದಲ್ಲೇ ‘ಅರ್ಥ’ ಹೋಗಿ ‘ಅರ್ತ’ ಅಚ್ಚಾಯಿತು. ಒಳಗಿನ 320 ಪುಟಗಳಲ್ಲಿ ಎಷ್ಟು ದೀರ್ಘ, ಎಷ್ಟು ಒತ್ತು ಸರಿಮಾಡಿದ್ದೆನೋ! ಸರಿಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಕಸುಬಿನ ಹಣೆಬರಹವೇ ಅದು.

ಯಾರೂ ಬೈಯಲಿಲ್ಲ. ‘ಹೊದಿಕೆ ಬದಲಿಸೋಣ’ ಎಂದು ಸಂಪಾದಕರು ಸುಮ್ಮನಾದರು. ಬೈದುಕೊಂಡದ್ದೆಲ್ಲ ನಾನೇ. ಆಮೇಲೆ ಕಳಿಸಿದ ಪ್ರತಿ ಕರಡಿಗೂ ‘ತಪ್ಪು ಉಳಿದಿದ್ದರೆ ದಯವಿಟ್ಟು ಕ್ಷಮಿಸಿ’ ಎಂಬ ಚೀಟಿ ಅಂಟಿಸುವುದು ರೂಢಿಯಾಯಿತು. ಯಾರಾದರೂ ಹೊಗಳಿದರೆ, ಪಾಪ, ಇವರಿಗೆ ಆ ಮುಖಪುಟದ ವಿಷಯ ಗೊತ್ತಿಲ್ಲ ಅಂದುಕೊಳ್ಳುತ್ತಿದ್ದೆ.

ಒಂದು ದಿನ ಪುಟವಿನ್ಯಾಸದ ಸಹೋದ್ಯೋಗಿ ಆ ಚೀಟಿಯನ್ನೇ ತಿದ್ದಿ ವಾಪಸು ಕಳಿಸಿದರು. ಇಡೀ ವಾಕ್ಯದ ಮೇಲೆ ಕೆಂಪು ಶಾಯಿಯಲ್ಲಿ ‘ತೆಗೆಯಿರಿ’ ಗುರುತು. ಅಂಚಿನಲ್ಲಿ: ‘ಪುಟ 47ರ ಪ್ರಶ್ನೆಗೆ ಉತ್ತರ ಬೇಕು. ಇದು ಬೇಡ.’ ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಕ್ಷಮೆ ಕೇಳುವ ಭರದಲ್ಲಿ 47ನೇ ಪುಟದ ಪ್ರಶ್ನೆಯನ್ನು ನಿಜವಾಗಿಯೂ ಮರೆತಿದ್ದೆ.

ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಸ್ವಾಭಿಮಾನವನ್ನು ಒಂದು ಭಿನ್ನರಾಶಿಯಾಗಿ ಬರೆದಿದ್ದ: ಮೇಲೆ ಯಶಸ್ಸು, ಕೆಳಗೆ ನಮ್ಮ ಬಗ್ಗೆ ನಾವೇ ಇಟ್ಟುಕೊಂಡ ನಿರೀಕ್ಷೆ. ಕೆಳಗಿನದನ್ನು ಇಳಿಸಿದರೂ ಬೆಲೆ ಏರುತ್ತದೆ ಎಂಬುದು ಅವನ ಲೆಕ್ಕ. ಮೊದಲು ಓದಿದಾಗ ಇದು ಸೋಮಾರಿಯ ಗಣಿತ ಅನ್ನಿಸಿತ್ತು. ಆದರೆ ‘ಒಂದೂ ತಪ್ಪು ಬಿಡದವಳು’ ಎಂದು ಛೇದದಲ್ಲಿ ಬರೆದುಕೊಂಡವಳಿಗೆ ಮೇಲೆ ಏನು ಬರೆದರೂ ಸಾಲುವುದಿಲ್ಲವಲ್ಲ. ಈಗ ಅಲ್ಲಿ ಬರೆದಿರುವುದು ಬೇರೆ: ಎರಡು ಸಲ ಓದುತ್ತೇನೆ, ಸಂಶಯ ಬಂದರೆ ಕೇಳುತ್ತೇನೆ, ದಪ್ಪಕ್ಷರದ ಶೀರ್ಷಿಕೆಗಳನ್ನು ಕೊನೆಯಲ್ಲಿ ಹಿಂದುಮುಂದಾಗಿ, ಒಂದೊಂದೇ ಅಕ್ಷರ ಹಿಡಿದು ನೋಡುತ್ತೇನೆ. ದೊಡ್ಡ ಅಕ್ಷರದ ತಪ್ಪೇ ಸುಲಭವಾಗಿ ನುಸುಳುತ್ತದೆ; ಗೊತ್ತಿರುವ ಪದವನ್ನು ಕಣ್ಣು ಓದುವುದಿಲ್ಲ, ಊಹಿಸುತ್ತದೆ. ಇಷ್ಟು ಸಣ್ಣ ಸಂಗತಿ ಹೊಳೆಯಲು ನನ್ನನ್ನು ನಾನು ಬೈಯುವುದು ನಿಲ್ಲಬೇಕಾಯಿತು.

ಕಳೆದ ತಿಂಗಳು ಪರಿವಿಡಿಯಲ್ಲಿ ಒಂದು ಪುಟಸಂಖ್ಯೆ ತಪ್ಪಿತ್ತು. ‘ಇದು ನನ್ನ ಕಣ್ಣುತಪ್ಪು, ಮುಂದಿನ ಮುದ್ರಣಕ್ಕೆ ಗುರುತು ಹಾಕಿದ್ದೇನೆ’ ಎಂದಷ್ಟೇ ಬರೆದು ಕಳಿಸಿದೆ. ಬೆರಳು ‘ದಯವಿಟ್ಟು’ ಎಂದು ಶುರುಮಾಡಿತ್ತು, ಅಳಿಸಿದೆ.