ಕುಂಚಿಗಿಗೆ ಬೆಲಿ ಕಟ್ಟೋದು

ನಮ್ಮ ಬಾಗಲಕೋಟಿ ಕಡೆ ಕೂಸಿನ್ನ ತೊಟ್ಟಿಲಿಗಿ ಹಾಕೋ ದಿವ್ಸ ಅದರ ತಲಿ ಮ್ಯಾಲ ಖಣದ, ಅಂದ್ರ ರವಿಕಿ ಬಟ್ಟಿಯ, ಕುಂಚಿಗಿ ಇರಬೇಕು. ಬ್ಯಾರೆ ಕಡೆಯವ್ರಿಗೆ ಗೊತ್ತಿರಲಿಕ್ಕಿಲ್ಲ, ಟೊಪಿಗಿ ಮತ್ತ ಬೆನ್ನ ಮ್ಯಾಲ ಇಳಿಬೀಳೋ ಬಟ್ಟಿ ಎರಡೂ ಕೂಡೇ ಇರ್ತಾವು, ಕೂಸಿನ ನೆತ್ತಿ, ಕಿವಿ, ಬೆನ್ನು ಎಲ್ಲಾ ಬೆಚ್ಚಗಿರ್ತೈತಿ. ನಮ್ಮ ಆಯಿ ಇದನ್ನ ಮಷಿನ್ ಮುಟ್ಟದ ಕೈಲೇ ಹೊಲೀತಿದ್ಲು, ನಾ ಆಕಿ ಮಗ್ಗಲದಾಗ ಕುಂತು ಸೂಜಿಗೆ ದಾರ ಪೋಣಿಸಿ ಕೊಡಕೋತ ಕಲ್ತೆ. ಲಗ್ನ ಆಗಿ ನವನಗರಕ್ಕ ಬಂದ ಮ್ಯಾಲೂ ಓಣ್ಯಾಗ ಯಾರ ಮನ್ಯಾಗ ಕೂಸು ಹುಟ್ಟಲಿ ಒಂದು ಕುಂಚಿಗಿ ಹೊಲದು ಕೊಟ್ಟು ಬರ್ತಿದ್ದೆ, ರೊಕ್ಕದ ಮಾತೇ ಇರ್ಲಿಲ್ಲ.

2023ರಾಗ ನಮ್ಮ ನಾದಿನಿ ಅದರ ಫೋಟೋ ಸ್ಟೇಟಸ್‌ಗೆ ಹಾಕಿದ್ಲು. ಆಕಿ ಗೆಳತಿ ಒಬ್ಬಾಕಿ ಫೋನ್ ಮಾಡಿ "ಅಕ್ಕಾರ, ಎಷ್ಟಕ್ಕ ಕೊಡ್ತೀರಿ?" ಅಂತ ಕೇಳಿದ್ಲು. ಏನೂ ಲೆಕ್ಕ ಮಾಡದ 350 ರೂಪಾಯಿ ಅಂದೆ. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಹೋಗಿ ತಿಂಗಳಿಗೆ ಎಂಟು ಹತ್ತು ಆರ್ಡರ್ ಬರಾಕತ್ವು, ನನಗರ ಭಾಳ ಖುಷಿ, ರಾತ್ರಿ ಹನ್ನೊಂದರ ತನಕ ಹೊಲಿಯೂದು, ಮುಂಜಾನೆ ಎದ್ದು ಹುಡುಗೂರ್ನ ಸಾಲಿಗೆ ಕಳಿಸಿ ಮತ್ತ ಹೊಲಿಯೂದು. ಒಂದು ವರ್ಷ ಹಿಂಗ ನಡೀತು.

ಕಣ್ಣು ತೆರೆಸಿದಾಕಿ ನಮ್ಮ ವೈನಿ, ಅಣ್ಣನ ಹೆಂಡ್ತಿ. ಬಾದಾಮಿ ತಾಲೂಕಿನ ನಮ್ಮ ತವರೂರಾಗ ಆಕಿ ಸರಕಾರದ ಉದ್ಯೋಗ ಖಾತ್ರಿ ಕೆಲಸಕ್ಕ ಹೋಗ್ತಾಳ. 2024ರ ಬ್ಯಾಸಗ್ಯಾಗ ಊರಿಗೆ ಹೋದಾಗ ದಿನಕ್ಕ 349 ರೂಪಾಯಿ ಖಾತೆಗೆ ಬರ್ತೈತಿ ಅಂತ ಹೇಳಿ, ನಿನಗ ಎಷ್ಟು ಉಳೀತೈತಿ ಅಂತ ಕೇಳಿದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ. ಆವತ್ತ ರಾತ್ರಿ ಮಗನ ಹಳೇ ನೋಟ್‌ಬುಕ್ಕಿನಾಗ ಬರದು ನೋಡ್ದೆ. ಗುಳೇದಗುಡ್ಡದ ಕೈಮಗ್ಗದ ಖಣಕ್ಕ 220, ಒಳಗ ಹಚ್ಚೋ ಮಲಮಲ್ ಬಟ್ಟಿಗೆ 60, ದಾರ, ಅಂಚಿನ ಪಟ್ಟಿ, ಗೊಂಡೆಕ್ಕ 30. ಒಟ್ಟು 310. ಅಂದ್ರ ನಾಕೂವರಿ ತಾಸು ಕುಂತು ಹೊಲದ್ರ ನನಗ ಉಳಿಯೋದು 40 ರೂಪಾಯಿ. ದಿನಕ್ಕ ಎಂಟು ತಾಸಿನಂಗ ವೈನಿ ಕೂಲಿ ಹಿಡದ್ರ ಅಷ್ಟು ತಾಸಿಗೆ 196 ಬರ್ತೈತಿ. ಲೆಕ್ಕ ನೋಡಿ ನನಗ ಅಳುನೇ ಬಂತು, ಯಾಕಂದ್ರ ಆ ವರ್ಷ ನಾ ಎಷ್ಟು ನಿದ್ದಿ ಬಿಟ್ಟೀನಿ ಅನ್ನೋದು ನನಗಷ್ಟ ಗೊತ್ತು.

ಮರುದಿನದಿಂದ 550 ಅಂತ ಹೇಳಾಕ ಶುರು ಮಾಡ್ದೆ. ಮುಂದ ಎರಡು ತಿಂಗಳು ಆರ್ಡರ್ ಅರ್ಧಕ್ಕ ಇಳದ್ವು. ಹತ್ರದ ಒಬ್ಬ ಸಂಬಂಧಿಕರು "ಮನಿ ಮಗಳಾಗಿ ನಮ್ಮ ಹತ್ರನೂ ರೊಕ್ಕ ತಗೋತಿಯೇನವಾ" ಅಂದ್ರು, ಆ ಮಾತು ಭಾಳ ದಿನ ಚುಚ್ಚಿತು. ಕಡೀಗೆ ನಾ ಒಂದು ನಿರ್ಧಾರ ಮಾಡ್ಕೊಂಡೆ. ಸ್ವಂತ ಅಣ್ಣತಮ್ಮ, ಅಕ್ಕತಂಗ್ಯಾರ ಕೂಸಿಗೆ ಉಡುಗೊರೆ, ರೊಕ್ಕ ಕೊಟ್ರೂ ತಗೊಳ್ಳೂದಿಲ್ಲ. ಉಳಿದ ಎಲ್ಲಾರಿಗೂ ಒಂದ ಬೆಲಿ, ಅರ್ಧ ರೊಕ್ಕ ಮುಂಗಡ.

ಸಂತ್ಯಾಗ 150ಕ್ಕ ಸಿಗ್ತೈತಿ ಅಂತ ಈಗೂ ಕೇಳ್ತಾರ. ಸಿಗ್ತೈತಿ, ಸುಳ್ಳಲ್ಲ, ಆದ್ರ ಅದು ಪಾಲಿಸ್ಟರ್ ಮ್ಯಾಲ ಖಣದ ಚಿತ್ತಾರ ಪ್ರಿಂಟ್ ಹೊಡದಿದ್ದು. ನಮ್ಮ ಕಡೆ ಬ್ಯಾಸಗಿ 40 ಡಿಗ್ರಿ ಮುಟ್ಟೋ ಹೊತ್ತಿನ್ಯಾಗ ಅದನ್ನ ಎಳೇ ಕೂಸಿನ ನೆತ್ತಿಗೆ ಹಾಕಿದ್ರ ಬೆವರು ಎಲ್ಲಿಗೆ ಹೋಗಬೇಕು ಹೇಳ್ರಿ. ಗುಳೇದಗುಡ್ಡದಾಗ ನಾ ಖಣ ತರೋ ಮನ್ಯಾಗ ಇನ್ನೂ ಕುಣಿ ಮಗ್ಗ ಐತಿ, ಅಜ್ಜಾರು ಕುಣ್ಯಾಗ ಕಾಲು ಇಳಿಬಿಟ್ಟು ನೇಯ್ತಾರ, ಬುಟ್ಟಾ ಒಂದೊಂದೂ ನೇಯ್ಗ್ಯಾಗ ಏಳ್ತೈತಿ, ಮ್ಯಾಲ ಒತ್ತಿದ್ದಲ್ಲ. ಗುಳೇದಗುಡ್ಡ ಖಣಕ್ಕ ಜಿಐ ಮಾನ್ಯತೆ, ಅಂದ್ರ ಊರಿನ ಹೆಸರಿನ ಮ್ಯಾಲ ಸಿಗೋ ಸರಕಾರಿ ಗುರುತು ಐತಿ, ಆದ್ರ ಅಜ್ಜಾರ ಮಕ್ಕಳು ಯಾರೂ ಮಗ್ಗಕ್ಕ ಕೂಡಲಿಲ್ಲ. ಅವರ ಹತ್ರ ನಾ ಎಂದೂ ಚೌಕಾಸಿ ಮಾಡಿಲ್ಲ. ನನ್ನ ನಾಕೂವರಿ ತಾಸಿಗೆ ಬೆಲಿ ಕೇಳಾಕತ್ತಿದ ಮ್ಯಾಲ ಅವರ ತಾಸಿನ ಬೆಲಿ ಇನ್ನೂ ಚಲೋ ತಿಳೀತು.

ತಪ್ಪೂ ಮಾಡೀನಿ. ಶುರುವಿಗೆ ಮಲಮಲ್ ಬಟ್ಟಿ ತೊಳೀದ ಹಂಗ ಹೊಲೀತಿದ್ದೆ. ಒಬ್ಬರು ಒಂದ ಸಲ ಒಗದದ್ದಕ್ಕ ಒಳಗಿನ ಬಟ್ಟಿ ಕುಗ್ಗಿ ಕುಂಚಿಗಿ ಪೂರಾ ಮುದುಡಿಬಿಡ್ತು, ಮ್ಯಾಲ ಖಣದ ಕೆಂಪು ಬಣ್ಣ ಬಿಳಿ ಬಟ್ಟಿಗೆ ಹತ್ತಿತ್ತು. ಫೋಟೋ ಕಳಿಸಿದ್ರು, ನೋಡಿ ಎದಿ ಧಸಕ್ ಅಂತು, ರೊಕ್ಕ ವಾಪಸ್ ಕೊಟ್ಟು ಹೊಸಾದೂ ಹೊಲದು ಕೊಟ್ಟೆ. ಈಗ ಮಲಮಲ್ ಎರಡು ಸಲ ಬಿಸಿನೀರಾಗ ನೆನಸಿ ಒಣಗಿಸಿನೇ ಕತ್ರಿ ಹಚ್ಚೂದು. ಖಣದ ಅಂಚಿಗೆ ಬಿಳಿ ಹಸಿ ಬಟ್ಟಿ ತಿಕ್ಕಿ ನೋಡ್ತೀನಿ, ಬಣ್ಣ ಬಿಟ್ರ ಆ ಖಣ ದೊಡ್ಡವರ ಕೈಚೀಲಕ್ಕ ಹೋಗ್ತೈತಿ, ಕೂಸಿಗಿಲ್ಲ. ಮಣಿ, ಕನ್ನಡಿ ಹಚ್ಚ್ರಿ ಚಂದ ಕಾಣ್ತೈತಿ ಅಂತ ಎಷ್ಟ ಮಂದಿ ಕೇಳಿದ್ರೂ ಹಚ್ಚಂಗಿಲ್ಲ, ಕಿತ್ತು ಬಾಯಾಗ ಹೋದ್ರ ಏನ್ ಮಾಡೂದು. ಗದ್ದದ ಕೆಳಗ ಕಟ್ಟೋ ಕಸಿನೂ ಗಿಡ್ಡ ಇಡ್ತೀನಿ, ಕೊರಳಿಗೆ ಸುತ್ತಬಾರದು.

ಕಾಗದಪತ್ರದ್ದು ಭಾಳ ಮಂದಿ ಕೇಳ್ತಾರ. ಸಣ್ಣ ಧಂಧೆದವರ ಉದ್ಯಮ್ ನೋಂದಣಿ ಸರಕಾರಿ ವೆಬ್‌ಸೈಟಿನ್ಯಾಗ ಪುಕ್ಕಟೆ, ಆಧಾರ್ ಮತ್ತ ಪ್ಯಾನ್ ಇದ್ರ ಮನ್ಯಾಗ ಕುಂತು ಮಾಡಬಹುದು, ನಾ ತಿಳೀದ ಒಂದು ಅಂಗಡ್ಯಾಗ 500 ಕೊಟ್ಟು ಬಂದೆ, ನೀವು ಕೊಡಬ್ಯಾಡ್ರಿ. ಜಿಎಸ್‌ಟಿ ನಮ್ಮ ರಾಜ್ಯದೊಳಗ ಸಾಮಾನು ಮಾರೋರಿಗೆ ವರ್ಷಕ್ಕ 40 ಲಕ್ಷದ ವ್ಯವಹಾರ ದಾಟೋ ತನಕ ಬೇಕಾಗಿಲ್ಲ. ಸೊಲ್ಲಾಪುರ, ಸಾಂಗಲಿ ಕಡೆಯವ್ರೂ ಕೇಳಾಕತ್ಯಾರ, ಅವರೂ ಇದಕ್ಕ ಕುಂಚೀ ಅಂತಾರ, ಆದ್ರ ಹೊರಗಿನ ರಾಜ್ಯಕ್ಕ ಮಾರಾಕ ನಿಯಮ ಬ್ಯಾರೆ ಅದಾವು, ಲೆಕ್ಕ ನೋಡೋರನ್ನ ಕೇಳಿಕೊಂಡೇ ಕೈ ಹಾಕ್ತೀನಿ.

ಈ ಧಂಧೆದಾಗ ದೊಡ್ಡ ತೊಡಕು ಏನಂದ್ರ ಕೂಸು ತಾರೀಖು ನೋಡಿ ಹುಟ್ಟಂಗಿಲ್ಲ. ಹುಟ್ಟಿದ ಮ್ಯಾಲ ಫೋನ್ ಮಾಡಿದ್ರ ತೊಟ್ಟಿಲಿಗಿ ಹಾಕಾಕ ಹತ್ತು ಹನ್ನೆರಡು ದಿನ ಇರ್ತಾವು, ನಾ ಹೊಲದು ಪೋಸ್ಟಿಗೆ ಹಾಕಿ ಮುಟ್ಟಬೇಕು. ಅದಕ್ಕ ಕುಬಸದ (ಸೀಮಂತದ) ಹೊತ್ತಿಗೇ ಹೇಳ್ರಿ ಅಂತೀನಿ. ಆದ್ರ ನಮ್ಮ ಹಿರೇರು ಕೂಸಿನ ಸಾಮಾನು ಹುಟ್ಟೋಕಿಂತ ಮುಂಚೆ ಮನಿಗೆ ತರಬಾರದು ಅಂತಾರ, ಅದನ್ನ ತಗದು ಹಾಕಾಕ ನನ್ನ ಕೈಲೆ ಆಗಂಗಿಲ್ಲ. ಹೋದ ವರ್ಷ ಒಬ್ಬ ತಾಯಿ ಫೋನ್ ಮಾಡಿ "ಅಕ್ಕಾರ, ಇನ್ನ ಬ್ಯಾಡ್ರಿ" ಅಂದ್ರು, ಅಷ್ಟ. ನಾ ಏನೂ ಕೇಳ್ಲಿಲ್ಲ, ಮುಂಗಡ ಆವತ್ತೇ ವಾಪಸ್ ಹಾಕಿದೆ. ಅವರ ಹಸರು ಖಣದ ಕುಂಚಿಗಿ ಬ್ಯಾರೆಯವ್ರಿಗೆ ಮಾರಾಕ ಮನಸಾಗ್ಲಿಲ್ಲ, ನನ್ನ ಹತ್ರನೇ ಐತಿ.

ಅವತ್ತಿನಿಂದ ಹೊಲದು ಮುಗಿಸಿದ್ದನ್ನೆಲ್ಲಾ ಆಯಿ ಟ್ರಂಕಿನ್ಯಾಗ ಬೇವಿನ ಎಲಿ ಹಾಕಿ ಇಡ್ತೀನಿ, ಮ್ಯಾಲ ಹೆಸರಿನ ಚೀಟಿ. ಕೂಸು ಹುಟ್ಟೇತಿ ಅಂತ ಫೋನ್ ಬಂದ ಮ್ಯಾಲೇ ಹೊರಗ ತಗದು ಇಸ್ತ್ರಿ ಮಾಡಿ ಕಳಿಸೂದು. ಇವತ್ತಿಗೆ ಟ್ರಂಕಿನ್ಯಾಗ ನಾಕು ಅದಾವು, ಒಂದು ಮುಧೋಳಕ್ಕ, ಎರಡು ಇಳಕಲ್ಲಿಗೆ, ಒಂದು ಇಲ್ಲೇ ವಿದ್ಯಾಗಿರಿಗೆ. ವಿದ್ಯಾಗಿರಿಯವ್ರು ನಿನ್ನೆ ರಾತ್ರಿ ದವಾಖಾನಿಗೆ ಹೋಗ್ಯಾರಂತ, ಫೋನ್ ಹತ್ರಾನೇ ಇಟ್ಕೊಂಡು ಕುಂತೀನಿ.