ಸರ, ಒತತು ಬರತಿಲಲ

ಹಿಂದಿನ ಕಂಪನಿಯಲ್ಲಿ ನಾನು ಐಟಿ ಸಪೋರ್ಟ್ ನೋಡಿಕೊಳ್ಳುತ್ತಿದ್ದೆ. ಬೆಂಗಳೂರಿನ ಆಫೀಸು, ಬೇರೆ ಬೇರೆ ಭಾಷೆಗಳಲ್ಲಿ ಸಬ್‌ಟೈಟಲ್ ಬರೆಯುವ ಕೆಲಸ. ಒಂದು ಸೋಮವಾರ ಬೆಳಿಗ್ಗೆ ಕನ್ನಡ ತಂಡದ ಮೇಡಂ ಒಬ್ಬರಿಂದ ಟಿಕೆಟ್ ಬಂತು, ಅಂದರೆ ನಮ್ಮ ಸಿಸ್ಟಮ್ಮಿನಲ್ಲಿ ದಾಖಲಾಗುವ ದೂರು. ಇದ್ದದ್ದು ಇಷ್ಟೇ: "ಸರ, ಒತತು ಬರತಿಲಲ."

ಮೊದಲು ನಕ್ಕೆ. ಹುಬ್ಬಳ್ಳಿ ಕಡೆಯವರು "ಸರ" ಅಂತಾರಲ್ಲ, ಹಾಗೇ ಇರಬೇಕು ಅಂದುಕೊಂಡೆ. ಮುಂದಿನ ಎರಡು ಪದ ಮಾತ್ರ ಅರ್ಥವಾಗಲಿಲ್ಲ. ಅವರ ಸೀಟಿನ ಹತ್ತಿರ ಹೋದ ಮೇಲೆ ಗೊತ್ತಾಯಿತು, "ಸರ್, ಒತ್ತು ಬರ್ತಿಲ್ಲ" ಅಂತ ಟೈಪ್ ಮಾಡಿದ್ದರು, ಎಫ್ ಕೀ ಕೈಕೊಟ್ಟಿತ್ತು.

ಕನ್ನಡದಲ್ಲಿ ಟೈಪ್ ಮಾಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ನಾವು 'ನುಡಿ' ತಂತ್ರಾಂಶದಲ್ಲಿ ಬಳಸೋದು, ಅದರಲ್ಲಿ ಎರಡು ವ್ಯಂಜನಗಳನ್ನು ಬೆಸೆಯುವ ಕೆಲಸ ಎಫ್ ಕೀಯದು. ಅಮ್ಮ ಅಂತ ಬರೆಯಬೇಕಾದರೆ ಎ, ಎಂ, ಎಫ್, ಎಂ ಒತ್ತಬೇಕು. ಎಫ್ ಬೀಳದಿದ್ದರೆ ಅಮಮ. ಇಂಗ್ಲಿಷ್ ಬರೆಯುವವರು ಎಫ್ ಕಡೆ ಕಡಿಮೆ ಹೋಗುತ್ತಾರೆ. ಕನ್ನಡ ಬರೆಯುವವರು ಸಾಲಿಗೆ ನಾಲ್ಕೈದು ಸಲ ಅದನ್ನು ಕುಟ್ಟುತ್ತಾರೆ. ಅದೇ ಲ್ಯಾಪ್‌ಟಾಪ್ ಅಕೌಂಟ್ಸ್‌ನವರ ಕೈಯಲ್ಲಿ ಇದ್ದಿದ್ದರೆ ಈ ದೂರು ಬರುತ್ತಲೇ ಇರಲಿಲ್ಲವೋ ಏನೋ.

ನಾನು ಕೇಳಿದ ಮೊದಲ ಪ್ರಶ್ನೆ: "ಮೇಡಂ, ಇಲ್ಲೇ ಕೂತು ತಿಂಡಿ ತಿಂತೀರಾ?"

"ಇಲ್ಲ ಸರ್, ನಾನು ಕ್ಯಾಂಟೀನ್‌ಗೇ ಹೋಗೋದು" ಅಂದರು.

ನಂಬಲಿಲ್ಲ. ಕೀಯ ಮುಚ್ಚಳ ಎತ್ತಿ ನೋಡಿದರೆ ಒಳಗೆ ಖಾರಾ ಸೇವಿನ ಒಂದು ಚೂರು. ಚಿಮಟದಲ್ಲಿ ಹಿಡಿದು ಅವರಿಗೆ ತೋರಿಸಿದೆ, ದೊಡ್ಡ ಪತ್ತೇದಾರನ ಹಾಗೆ. ಅವರು ಏನೂ ಹೇಳಲಿಲ್ಲ. ಆ ಲ್ಯಾಪ್‌ಟಾಪ್ ಅವರ ಕೈಗೆ ಬಂದು ಎರಡೇ ತಿಂಗಳಾಗಿತ್ತು, ಅದಕ್ಕೂ ಮೊದಲು ಬೇರೊಬ್ಬರ ಹತ್ತಿರ ಇತ್ತು ಅನ್ನೋದು ನನ್ನದೇ ಅಸೆಟ್ ರಿಜಿಸ್ಟರ್‌ನಲ್ಲಿ ಬರೆದಿತ್ತು. ನೋಡಲಿಲ್ಲ. ಗಾಳಿ ಊದಿದೆ, ಕೀ ಕೆಲಸ ಮಾಡಿತು, ಟಿಕೆಟ್ ಮುಚ್ಚಿದೆ. "ಸ್ವಚ್ಛಗೊಳಿಸಲಾಗಿದೆ, ಬಳಕೆದಾರರಿಗೆ ತಿಳಿಹೇಳಲಾಗಿದೆ."

ಆ ಖಾರಾ ಸೇವಿನ ಚೂರು ನನ್ನ ತಲೆ ಕೆಡಿಸಿಬಿಟ್ಟಿತು. ಅಲ್ಲಿಂದ ಮುಂದೆ ಕೀಬೋರ್ಡ್ ದೂರು ಬಂದಾಗಲೆಲ್ಲ ನನ್ನ ಕಣ್ಣಿಗೆ ಕಂಡಿದ್ದು ತಿಂಡಿಪೋತರು ಮಾತ್ರ. ಒಬ್ಬರಿಗೆ ಸ್ಪೇಸ್ ಎರಡೆರಡು ಬೀಳುತ್ತೆ, ಇನ್ನೊಬ್ಬರಿಗೆ ಇ ಬೀಳಲ್ಲ, ಮತ್ತೊಬ್ಬರಿಗೆ ಎಂಟರ್ ಒತ್ತಿದರೆ ಗಟ್ಟಿ. ಊದು, ಮುಚ್ಚು. ಮತ್ತೆ ಬಂದರೆ ಒಂದು ಯುಎಸ್‌ಬಿ ಕೀಬೋರ್ಡ್ ಕೊಟ್ಟು ಕಳಿಸು. ಮೇಡಂಗೂ ಒಂದು ಕೊಟ್ಟೆ, ಅವರ ಎಫ್ ಮತ್ತೆ ಎರಡು ಸಲ ಕೈಕೊಟ್ಟಿತ್ತು.

ಸಿಕ್ಕಿಬಿದ್ದಿದ್ದು ಅಕೌಂಟ್ಸ್‌ನವರ ಕೈಗೆ. "ಏನ್ರೀ, ಲ್ಯಾಪ್‌ಟಾಪ್ ಕೊಟ್ಟ ಮೇಲೂ ಇಷ್ಟೊಂದು ಕೀಬೋರ್ಡ್ ಯಾಕೆ ತಗೊಂಡಿದ್ದೀರಿ?" ಅಂತ ಬಿಲ್ಲುಗಳ ಕಟ್ಟು ಮುಂದಿಟ್ಟರು. ಉತ್ತರ ಹೇಳಲೇಬೇಕಲ್ಲ, ಅವತ್ತು ಸಂಜೆ ಕೂತು ಹನ್ನೊಂದು ತಿಂಗಳ ಟಿಕೆಟ್ಟುಗಳನ್ನು ಎಕ್ಸೆಲ್‌ಗೆ ಇಳಿಸಿ, ಪಕ್ಕದ ಕಾಲಂನಲ್ಲಿ ಯಾವ ಮಾಡೆಲ್ ಅಂತ ತುಂಬುತ್ತಾ ಹೋದೆ. ಕೀಬೋರ್ಡ್ ದೂರು ಒಟ್ಟು 23. ಅದರಲ್ಲಿ 19 ಒಂದೇ ಮಾಡೆಲ್‌ನವು. ನಮ್ಮಲ್ಲಿ ಆ ಮಾಡೆಲ್ ಇದ್ದದ್ದು 38. ಅದಕ್ಕಿಂತ ಹಳೆಯ, ದಪ್ಪಗಿನ 30 ಲ್ಯಾಪ್‌ಟಾಪ್‌ಗಳಿಂದ ಬಂದಿದ್ದು ಬರೀ ನಾಲ್ಕು ದೂರು, ಅದರ ಮೇಲೂ ಜನ ತಿಂಡಿ ತಿನ್ನುತ್ತಿದ್ದರು!

ಒಂದೊಂದೇ ಟಿಕೆಟ್ ನೋಡುವಾಗ ಎಲ್ಲದಕ್ಕೂ ಒಂದು ಕಾರಣ ಸಿಗುತ್ತಿತ್ತು. ಕಸ, ಧೂಳು, ಕಾಫಿ. ಒಟ್ಟಿಗೆ ಇಟ್ಟಾಗ ಕಂಡಿದ್ದೇ ಬೇರೆ.

ತಯಾರಕರ ಹೆಸರು ಇಲ್ಲಿ ಬೇಡ. ಅವರ ವೆಬ್‌ಸೈಟಿನಲ್ಲಿ ಆ ಮಾಡೆಲ್ ನಂಬರ್ ಹಾಕಿ ಹುಡುಕಿದೆ, ಕೀಬೋರ್ಡಿಗೆ ಉಚಿತ ರಿಪೇರಿ ಯೋಜನೆ ಇತ್ತು. ವಾರಂಟಿ ಮುಗಿದಿದ್ದರೂ ಪರವಾಗಿಲ್ಲ, ಕೊಂಡ ದಿನದಿಂದ ಮೂರು ವರ್ಷ. ಯಾರೂ ನಮಗೆ ಮೇಲ್ ಕಳಿಸಿರಲಿಲ್ಲ. ನಾನೂ ಒಮ್ಮೆಯೂ ಹುಡುಕಿರಲಿಲ್ಲ.

ಇಂಥ ಯೋಜನೆಗಳು ಹೇಗೆ ಹುಟ್ಟುತ್ತವೆ ಅಂತ ಆಮೇಲೆ ಓದಿಕೊಂಡೆ. ಎಲ್ಲರಿಗೂ ಗೊತ್ತಿರುವ ಕೇಸು ಆಪಲ್‌ನ ಬಟರ್‌ಫ್ಲೈ ಕೀಬೋರ್ಡು. 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಮೊದಲು ಬಂತು, 2016ರಲ್ಲಿ ಮ್ಯಾಕ್‌ಬುಕ್ ಪ್ರೊಗೂ ಬಂತು. ಸಾಮಾನ್ಯ ಲ್ಯಾಪ್‌ಟಾಪ್ ಕೀ ಕೆಳಗೆ ಕತ್ತರಿಯಾಕಾರದ ಪ್ಲಾಸ್ಟಿಕ್ ಇರುತ್ತೆ. ಇವರು ಅದನ್ನು ತೆಗೆದು ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗಿರುವ ಚಪ್ಪಟೆ ಭಾಗ ಹಾಕಿದರು. ಲ್ಯಾಪ್‌ಟಾಪ್ ತೆಳ್ಳಗಾಯಿತು. ಕೀ ಕೆಳಗೆ ಇಳಿಯೋದು ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ ಆಯಿತು. ಅಷ್ಟು ಕಿರಿದಾದ ಜಾಗಕ್ಕೆ ಒಂದು ಕಣ ಹೋದರೂ ಕೀ ಬೀಳಲ್ಲ, ಇಲ್ಲ ಎರಡೆರಡು ಬೀಳುತ್ತೆ. ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಯಾಗಿ ಹಿಡಿದು ಎಡದಿಂದ ಬಲಕ್ಕೆ ಗಾಳಿ ಊದಿ, ಆಮೇಲೆ ಪಕ್ಕಕ್ಕೆ ತಿರುಗಿಸಿ ಮತ್ತೆ ಊದಿ ಅಂತ ಆಪಲ್ಲೇ ಸೂಚನೆ ಕೊಟ್ಟಿತ್ತು. ಓದುವಾಗ ನನ್ನದೇ ಟಿಕೆಟ್ ನೋಟ್ಸ್ ಓದಿದ ಹಾಗಾಯಿತು.

ಜೂನ್ 2018ರಲ್ಲಿ ಉಚಿತ ರಿಪೇರಿ ಯೋಜನೆ ಘೋಷಿಸಿದರು, ಮೊದಲ ಮಾರಾಟದಿಂದ 4 ವರ್ಷ. ಅದರಲ್ಲೂ ತೊಂದರೆ ಇರೋದು "ಸಣ್ಣ ಪ್ರಮಾಣದ" ಕೀಬೋರ್ಡುಗಳಲ್ಲಿ ಮಾತ್ರ ಅನ್ನೋ ಮಾತು. ಮುಂದಿನ ತಿಂಗಳೇ ಬಂದ ಹೊಸ ಮಾಡೆಲ್‌ನಲ್ಲಿ ಕೀಗಳ ಕೆಳಗೆ ತೆಳುವಾದ ಸಿಲಿಕೋನ್ ಪೊರೆ ಇತ್ತು. ಸದ್ದು ಕಮ್ಮಿ ಮಾಡೋಕೆ ಅಂತ ಹೊರಗೆ ಹೇಳಿದರು. ಗ್ಯಾಜೆಟ್ ಬಿಚ್ಚಿ ರಿಪೇರಿ ಹೇಳಿಕೊಡುವ ಐಫಿಕ್ಸಿಟ್‌ನವರು ಬಿಚ್ಚಿ ನೋಡಿ, ಇದು ಧೂಳು ತಡೆಯೋಕೆ ಅಂದರು. ಮಾರ್ಚ್ 2019ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಅಂಕಣಗಾರ್ತಿ ಜೊವಾನಾ ಸ್ಟರ್ನ್, ತಮ್ಮ ಮ್ಯಾಕ್‌ಬುಕ್ ಹೇಗೆ ಬರೆಯುತ್ತೋ ಹಾಗೇ, ಇ ಮತ್ತು ಆರ್ ಬಿಟ್ಟು ಅಂಕಣ ಪ್ರಕಟಿಸಿದರು. ನಮ್ಮ ಮೇಡಂ ಟಿಕೆಟ್ಟೂ ಅದೇ ಜಾತಿಯದ್ದು ಅಲ್ವಾ, ಅವರದ್ದು ಪೇಪರಿನಲ್ಲಿ ಬಂತು, ಇವರದ್ದು ನನ್ನಂಥವನ ಕೈಗೆ ಬಂತು. ಆಪಲ್ ಕ್ಷಮೆ ಕೇಳಿತು, ಆಗಲೂ ತೊಂದರೆ ಆಗಿರೋದು ಕೆಲವೇ ಜನಕ್ಕೆ ಅಂದಿತು. ಆದರೆ ಮೇ 2019ಕ್ಕೆ ಯೋಜನೆಯನ್ನು ಎಲ್ಲ ಬಟರ್‌ಫ್ಲೈ ಮಾಡೆಲ್‌ಗಳಿಗೂ ಹಬ್ಬಿಸಿತು. ನವೆಂಬರ್‌ನಲ್ಲಿ 16 ಇಂಚಿನ ಪ್ರೊ ಬಂದಾಗ ಕತ್ತರಿ ವಾಪಸ್ ಬಂದಿತ್ತು.

ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋಗಿದ್ದರು. 2022ರಲ್ಲಿ ಆಪಲ್ ತಪ್ಪು ಒಪ್ಪಿಕೊಳ್ಳದೆ 5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದು ಅಲ್ಲಿನ ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ, ನಮ್ಮೂರಿನವರಿಗೆ ಅದರಲ್ಲಿ ಏನೂ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಮ್ಯಾಕ್‌ಬುಕ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಳ್ಳೋ ಮೊದಲು ಬಾಣದ ಕೀಗಳನ್ನು ನೋಡಿ. ಎಡ ಬಲ ಬಾಣಗಳು ಪಕ್ಕದ ಕೀಗಳಷ್ಟೇ ಎತ್ತರ ಇದ್ದರೆ ಅದು ಬಟರ್‌ಫ್ಲೈ ಕಾಲದ್ದು. ಉಚಿತ ರಿಪೇರಿಯ ನಾಲ್ಕು ವರ್ಷ ಯಾವತ್ತೋ ಮುಗಿದಿದೆ. ಅದರಲ್ಲಿ ಕೀಬೋರ್ಡು ಮೇಲ್ಗವಚಕ್ಕೆ ರಿವೆಟ್ ಆಗಿರುತ್ತೆ, ಬ್ಯಾಟರಿ ಅದಕ್ಕೇ ಅಂಟಿರುತ್ತೆ. ಒಂದು ಕೀಗಾಗಿ ಅರ್ಧ ಲ್ಯಾಪ್‌ಟಾಪ್ ಬದಲಿಸೋ ಲೆಕ್ಕ.

ನಮ್ಮ ಕಥೆಗೆ ಬರೋಣ. ನನ್ನ ರಿಜಿಸ್ಟರ್‌ನಲ್ಲಿ ಇದ್ದದ್ದು ಲ್ಯಾಪ್‌ಟಾಪನ್ನು ಸಿಬ್ಬಂದಿಗೆ ಕೊಟ್ಟ ದಿನಾಂಕ. ಯೋಜನೆಗೆ ಬೇಕಿದ್ದದ್ದು ಇನ್‌ವಾಯ್ಸ್ ದಿನಾಂಕ. ಈ ಎರಡರ ನಡುವೆ ಆ ಪೆಟ್ಟಿಗೆಗಳು ಐದು ತಿಂಗಳು ಸ್ಟೋರ್ ರೂಮಿನಲ್ಲಿ ಬಿದ್ದಿದ್ದವು. ಇನ್‌ವಾಯ್ಸ್ ಎರಡು ಇದ್ದವು. ಎರಡನೆಯದರ 18 ಲ್ಯಾಪ್‌ಟಾಪ್‌ಗಳಿಗೆ ಇನ್ನೂ ಸಮಯ ಇತ್ತು. ಮೊದಲನೆಯದರ 20ಕ್ಕೆ ಗಡುವು ಮುಗಿದು 19 ದಿನ ಆಗಿತ್ತು.

ಹತ್ತೊಂಬತ್ತು ದಿನ. ಒಂದು ತಿಂಗಳು ಮೊದಲು ಆ ಎಕ್ಸೆಲ್ ಮಾಡಿದ್ದರೆ ಸಾಕಿತ್ತು. ಮೇಲ್ ಬರೆದು ಕೇಳಿಕೊಂಡೆವು, ಆಗಲಿಲ್ಲ. ಮ್ಯಾನೇಜರ್ ಮುಂದೆ ನಿಂತು ಇದು ನನ್ನ ತಪ್ಪು ಅಂತ ಹೇಳಿದೆ. ಅವರು ಬೈಯಲಿಲ್ಲ, "ಆ ಇಪ್ಪತ್ತಕ್ಕೆ ರಿಪೇರಿ ಕೊಟೇಶನ್ ತಗೊಂಬಾ" ಅಂದರು. ಅದನ್ನು ತರೋದು ಬೈಗುಳಕ್ಕಿಂತ ಕಷ್ಟ ಆಯಿತು.

ಮೇಡಂ ಲ್ಯಾಪ್‌ಟಾಪ್ ಎರಡನೇ ಇನ್‌ವಾಯ್ಸ್‌ನದು. ಸರ್ವಿಸ್ ಸೆಂಟರ್‌ಗೆ ತಗೊಂಡು ಹೋದೆ. ಕೌಂಟರ್‌ನ ಹುಡುಗ ಕೇಳಿದ ಮೊದಲ ಪ್ರಶ್ನೆ: "ಸರ್, ಏನಾದ್ರೂ ಚೆಲ್ಲಿದ್ರಾ?" ನಾನು ಮೇಡಂಗೆ ಕೇಳಿದ ಧಾಟಿಯಲ್ಲೇ. ಆಮೇಲೆ ಎಫ್ ಕೀಯನ್ನು ನಾಲ್ಕು ಸಲ ಒತ್ತಿದ, ನಾಲ್ಕೂ ಸಲ ಬಿತ್ತು. "ಸರಿ ಇದೆಯಲ್ಲ ಸರ್" ಅಂದ. ಬಿಟ್ಟು ಬಿಟ್ಟು ಬರುವ ತೊಂದರೆ ಕೌಂಟರ್ ಮೇಲೆ ಯಾವತ್ತೂ ಬರಲ್ಲ, ಡಾಕ್ಟರ್ ಹತ್ತಿರ ಹೋದಾಗ ಕೆಮ್ಮು ನಿಲ್ಲೋ ಹಾಗೆ.

ಮಾರನೇ ದಿನ ಮೇಡಂ ಜೊತೆಗೇ ಬಂದರು. ನಿಂತುಕೊಂಡೇ, ಸ್ಕ್ರೀನ್ ಕೂಡ ನೋಡದೆ, ತಮ್ಮ ಮಾಮೂಲಿ ವೇಗದಲ್ಲಿ ಅಮ್ಮ ಅಮ್ಮ ಅಮ್ಮ ಅಂತ ಹೊಡೆಯುತ್ತಾ ಹೋದರು. ಹತ್ತರಲ್ಲಿ ಮೂರು ಸಲ ಅಮಮ. ಹುಡುಗನಿಗೆ ಕನ್ನಡ ಓದಕ್ಕೆ ಬರುತ್ತಿತ್ತು, ಪುಣ್ಯ. ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ಆ 18ರಲ್ಲಿ ಕೀ ತೊಂದರೆ ಇದ್ದ ಉಳಿದ ಏಳು ಲ್ಯಾಪ್‌ಟಾಪ್‌ಗಳಿಗೂ ಅವರವರ ಸೀಟಿನಲ್ಲೇ, ಅವರವರ ಭಾಷೆಯಲ್ಲೇ ಟೈಪ್ ಮಾಡಿಸಿ ವಿಡಿಯೋ ತೆಗೆದು, ಡೇಟಾ ಬ್ಯಾಕಪ್ ಮಾಡಿ, ಇನ್‌ವಾಯ್ಸ್ ಪ್ರತಿ ಮತ್ತು ಸೀರಿಯಲ್ ನಂಬರ್ ಜೊತೆ ತಗೊಂಡು ಹೋದೆ. ಎಂಟೂ ಉಚಿತವಾಗಿ ಆದವು. ಈಗಿನ ಕೆಲಸದಲ್ಲಿ ನನ್ನ ರಿಜಿಸ್ಟರ್‌ಗೆ ಇನ್‌ವಾಯ್ಸ್ ದಿನಾಂಕದ ಕಾಲಂ ಇದೆ, ಪ್ರತಿ ತಿಂಗಳ ಮೊದಲ ಶುಕ್ರವಾರ ಟಿಕೆಟ್ಟುಗಳನ್ನು ಮಾಡೆಲ್ ಪ್ರಕಾರ ಜೋಡಿಸಿ ನೋಡ್ತೀನಿ, ಅರ್ಧ ಗಂಟೆ ಕೆಲಸ.

ಖಾರಾ ಸೇವಿನ ವಿಷಯಕ್ಕೆ ಮೇಡಂ ಹತ್ತಿರ ಸಾರಿ ಕೇಳಿದೆ. "ನಂಗೆ ಖಾರಾ ಸೇವೇ ಇಷ್ಟ ಇಲ್ಲ ಸರ್" ಅಂದರು. ಲ್ಯಾಪ್‌ಟಾಪ್ ವಾಪಸ್ ಕೊಟ್ಟು ನನ್ನ ಸೀಟಿಗೆ ಬಂದು ಕೂತಿದ್ದೆ ಅಷ್ಟೇ, ಚಾಟ್‌ನಲ್ಲಿ ಮೆಸೇಜು: "ಸರ, ಧನಯವಾದ."

ಎದೆ ಧಸಕ್ಕೆಂದಿತು. ಎದ್ದು ಅರ್ಧ ದಾರಿ ಹೋಗುವಷ್ಟರಲ್ಲಿ ಮೊಬೈಲಿಗೆ ಇನ್ನೊಂದು ಬಂತು. "ಸುಮ್ನೆ ತಮಾಷೆಗೆ ಸರ್. ಎಲ್ಲಾ ಒತ್ತೂ ಬರ್ತಿದೆ."